ನೀಲಗಿರಿಯೋ, ಪುದೀನವೋ, ಲ್ಯಾವೆಂಡರೋ? ದಾವಣಗೆರೆ ಮನೆಗೆ ಯಾವ ಸುಗಂಧ ತೈಲ ತರಬೇಕು

ನಮ್ಮ ಮನೆಯ ಗೂಡಿನಲ್ಲಿ ಈಗ ಎರಡೇ ಸುಗಂಧ ತೈಲದ ಬಾಟಲಿಗಳಿವೆ. ಮೂರು ವರ್ಷದ ಹಿಂದೆ ಒಂಬತ್ತು ಇದ್ದವು. ಅರೋಮಾಥೆರಪಿ, ಅಂದರೆ ಗಿಡಗಳ ಸುಗಂಧ ತೈಲದಿಂದ ಆರಾಮ ಪಡೆಯುವ ಪದ್ಧತಿಯ ಬಗ್ಗೆ ಅಲ್ಲಿ ಇಲ್ಲಿ ಓದಿ, ಆನ್‌ಲೈನ್‌ನಲ್ಲಿ ಒಂದು ಪೆಟ್ಟಿಗೆಯನ್ನೇ ತರಿಸಿದ್ದೆ. ಅದರಲ್ಲಿ ಏಳು ಯಾಕೆ ಹೋದವು, ಎರಡು ಯಾಕೆ ಉಳಿದವು ಅಂತ ಹೇಳಿದರೆ ಹೊಸದಾಗಿ ಕೊಳ್ಳುವವರಿಗೆ ಅರ್ಧ ಕೆಲಸ ಹಗುರಾಗುತ್ತದೆ. ಇಲ್ಲಿ ನಾಲ್ಕು ತೈಲಗಳನ್ನು ಹೋಲಿಸಿದ್ದೇನೆ: ನೀಲಗಿರಿ, ಪುದೀನ, ಲ್ಯಾವೆಂಡರ್, ನಿಂಬೆಹುಲ್ಲು. ನಮ್ಮ ಕಡೆ ಸುಲಭವಾಗಿ ಸಿಗುವುದೂ, ಜನ ಜಾಸ್ತಿ ಕೇಳುವುದೂ ಇವನ್ನೇ.

ಮೊದಲು ಹೆಸರಿನ ವಿಷಯ. ಚಳ್ಳಕೆರೆಯ ಶೇಂಗಾ ಎಣ್ಣೆಗೂ ಎಣ್ಣೆ ಅನ್ನುತ್ತೇವೆ, ಮಗುವಿನ ನೆತ್ತಿಗೆ ಒತ್ತುವ ಹರಳೆಣ್ಣೆಗೂ ಎಣ್ಣೆ ಅನ್ನುತ್ತೇವೆ, ನೀಲಗಿರಿ ಎಣ್ಣೆಗೂ ಅದೇ ಹೆಸರು. ಹೆಸರು ಒಂದೇ ಆದ್ದರಿಂದ ಕೈಯೂ ಅದೇ ರೂಢಿಯಲ್ಲಿ ಹೋಗುತ್ತದೆ. ನೆತ್ತಿಗೆ ಹಚ್ಚುತ್ತೇವೆ, ಎದೆಗೆ ತಿಕ್ಕುತ್ತೇವೆ, ಕೆಲವರು ಸಕ್ಕರೆ ಮೇಲೆ ಹನಿ ಹಾಕಿ ನುಂಗುತ್ತಾರೆ. ಆದರೆ ಎರಡರ ಜಾತಿಯೇ ಬೇರೆ. ಶೇಂಗಾ ಎಣ್ಣೆ ಕಾಳಿನ ಜಿಡ್ಡು, ಗಾಣಕ್ಕೆ ಹಾಕಿ ಹಿಂಡಿದರೆ ಬರುತ್ತದೆ. ನೀಲಗಿರಿ ಎಣ್ಣೆ ಎಲೆಯೊಳಗಿನ ವಾಸನೆ. ಎಲೆಗೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ತೇಲುತ್ತದೆ. ಬಾಟಲಿ ತೆರೆದಿಟ್ಟರೆ ಆರಿ ಹೋಗುತ್ತದೆ. ಹೀಗೆ ಹಬೆಯಲ್ಲಿ ತೈಲ ತೆಗೆಯೋದನ್ನೇ ಭಟ್ಟಿ ಇಳಿಸೋದು ಅಂತಾರೆ. ದಾವಣಗೆರೆಯಲ್ಲಿ ಭಟ್ಟಿ ಅಂದರೆ ಎಲ್ಲರಿಗೂ ನೆನಪಾಗೋದು ಮಂಡಕ್ಕಿ ಭಟ್ಟಿ, ಇದು ಬೇರೆ ಭಟ್ಟಿ.

ನೂರು ಕೆ.ಜಿ. ಹಸಿ ನಿಂಬೆಹುಲ್ಲಿಗೆ ಅರ್ಧ ಕೆ.ಜಿ. ತೈಲ ಇಳಿದರೆ ಹೆಚ್ಚು. ಲೆಕ್ಕ ಹಾಕಿ ನೋಡಿ, ಒಂದೇ ಒಂದು ಹನಿಯಲ್ಲಿ ಸುಮಾರು ಹತ್ತು ಗ್ರಾಂ ಹುಲ್ಲಿನ ಖಾರ ಕೂತಿರುತ್ತದೆ. ಹಾಗಾಗಿ ಇದನ್ನು ಮೆಣಸಿನಪುಡಿ ಹಿಡಿದ ಹಾಗೆ ಹಿಡಿಯಬೇಕು, ಅಡುಗೆ ಎಣ್ಣೆ ಸುರಿದ ಹಾಗೆ ಸುರಿಯಬಾರದು.

ಮನೆಯಲ್ಲಿ ಯಾರಿದ್ದಾರೆ?

ಯಾವ ತೈಲದ ವಾಸನೆ ಚೆನ್ನಾಗಿದೆ ಅನ್ನೋದು ಎರಡನೇ ಪ್ರಶ್ನೆ. ಆ ಗಾಳಿಯನ್ನು ಯಾರು ಉಸಿರಾಡುತ್ತಾರೆ ಅನ್ನೋದು ಮೊದಲನೇ ಪ್ರಶ್ನೆ. ನನ್ನ ಏಳು ಬಾಟಲಿಗಳಲ್ಲಿ ಮೂರು ಹೊರಗೆ ಹೋಗಿದ್ದು ತಂಗಿ ಬಾಣಂತನಕ್ಕೆ ಬಂದಾಗ.

ಮೂರು ವರ್ಷದೊಳಗಿನ ಮಗು ಇದ್ದರೆ ನೀಲಗಿರಿ ಬೇಡ, ಪುದೀನ ಬೇಡ, ಕರ್ಪೂರ ಸೇರಿದ ಮುಲಾಮೂ ಬೇಡ. ಎಳೆ ಮಗುವಿನ ಮೂಗಿನ ಹತ್ತಿರ ಮೆಂಥಾಲ್, ಅಂದರೆ ಪುದೀನದ ತಂಪಿನ ಅಂಶ, ಹಚ್ಚಿದರೆ ಗಂಟಲಿನ ಸ್ನಾಯು ಬಿಗಿದು ಉಸಿರಿಗೇ ತೊಂದರೆ ಆಗಬಹುದು. ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ಕೆಲವೇ ಎಂ.ಎಲ್. ಸಾಕು, ಮಗುವಿಗೆ ಫಿಟ್ಸ್ ಬರುತ್ತದೆ, ಪ್ರಜ್ಞೆ ತಪ್ಪುತ್ತದೆ. ದೊಡ್ಡವರೂ ಇದಕ್ಕೆ ಹೊರತಲ್ಲ. ನೀಲಗಿರಿ ಮತ್ತು ಕರ್ಪೂರ ಬಳಸಿದ ಮೇಲೆ ಫಿಟ್ಸ್ ಬಂದವರ ಬಗ್ಗೆ ಬೆಂಗಳೂರಿನ ನರರೋಗ ವೈದ್ಯರು ಅಧ್ಯಯನವನ್ನೇ ಮಾಡಿದ್ದಾರೆ. ಫಿಟ್ಸ್ ಇರುವವರ ಮನೆಯಲ್ಲಿ ಈ ಎರಡನ್ನೂ ಇಡದಿರುವುದೇ ಒಳ್ಳೆಯದು. ತಲೆನೋವಿಗೆ ಅಂತ ಮಾತ್ರೆ ಜೊತೆ ದಿನಾ ಮುಲಾಮು ಹಚ್ಚಿಕೊಳ್ಳುವ ರೂಢಿ ನಮ್ಮಲ್ಲಿ ಬಹಳ. ಡಾಕ್ಟರ ಹತ್ತಿರ ಹೋದಾಗ ಆ ಮುಲಾಮಿನ ಹೆಸರನ್ನೂ ಹೇಳಿ.

ಗರ್ಭಿಣಿಯರು, ಅಸ್ತಮಾ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಮನೆಯಲ್ಲಿ ಬೆಕ್ಕು ಇದ್ದರೆ ಡಿಫ್ಯೂಸರ್, ಅಂದರೆ ತೈಲವನ್ನು ನೀರಿನ ಜೊತೆ ಮಂಜಿನಂತೆ ಗಾಳಿಗೆ ಬಿಡುವ ಸಾಧನ, ಹಚ್ಚಬೇಡಿ. ಈ ತೈಲಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆ.

ನೀಲಗಿರಿ: ಅಗ್ಗದ್ದು, ಕೆಲಸದ್ದು, ಖಾರದ್ದು

ನಾಲ್ಕರಲ್ಲಿ ನಮ್ಮೂರಿಗೆ ಹತ್ತಿರದ್ದು ಇದೇ. ಭದ್ರಾ ನಾಲೆಯ ಕಡೆ ಭತ್ತದ ಕೊಯ್ಲು ಶುರುವಾಯಿತು ಅಂದರೆ ನಮ್ಮಮ್ಮನ ಮೂಗು ಮೊದಲು ಹೇಳುತ್ತದೆ. ಕೊಯ್ಲು ಯಂತ್ರ ಎಬ್ಬಿಸಿದ ಧೂಳು, ರಸ್ತೆ ಮೇಲೆ ಒಣಹಾಕಿದ ಭತ್ತದ ಸುಂಕು, ಅದರ ಮೇಲೆ ಬೆಳಗಿನ ಚಳಿ. ಮೂಗು ಕಟ್ಟಿ, ಹಣೆ ಭಾರವಾಗಿ, ರಾತ್ರಿ ಬಾಯಲ್ಲಿ ಉಸಿರಾಡುವ ಪರಿಸ್ಥಿತಿ. ಆಗ ನೀಲಗಿರಿಯ ಒಂದು ಹನಿ ಕರವಸ್ತ್ರದ ತುದಿಗೆ ಹಾಕಿ ದಿಂಬಿನಿಂದ ಒಂದು ಗೇಣು ದೂರ ಇಟ್ಟರೆ ಅವರಿಗೆ ನಿದ್ದೆ ಬರುತ್ತದೆ.

ಇದರ ಮುಖ್ಯ ಅಂಶ ಸಿನಿಯೋಲ್. ಔಷಧಿ ದರ್ಜೆಯ ನೀಲಗಿರಿ ತೈಲದಲ್ಲಿ ಇದು ನೂರಕ್ಕೆ 70ಕ್ಕಿಂತ ಜಾಸ್ತಿ ಇರುತ್ತದೆ. ಕಫ ಸಡಿಲಾಗಲು ನೆರವಾಗುವುದು ಇದೇ. ಶೀತವನ್ನೇ ಇದು ವಾಸಿ ಮಾಡೋದಿಲ್ಲ. ಶೀತ ತನ್ನ ವಾರ ತೆಗೆದುಕೊಂಡೇ ಹೋಗುತ್ತದೆ, ಆ ವಾರದಲ್ಲಿ ಉಸಿರು ಸ್ವಲ್ಪ ಹಗುರಾಗುತ್ತದೆ, ಅಷ್ಟೇ.

ಕೊಳ್ಳುವಾಗ ಒಂದು ಗೊಂದಲ ಇದೆ, ಇದನ್ನು ತಿಳಿದುಕೊಳ್ಳಲೇಬೇಕು. ನೀಲಗಿರಿಯಲ್ಲಿ ಎರಡು ಬಗೆಯ ತೈಲ ಮಾರುಕಟ್ಟೆಗೆ ಬರುತ್ತದೆ. ಒಂದು ಯೂಕಲಿಪ್ಟಸ್ ಗ್ಲೋಬುಲಸ್ ಮರದ್ದು, ಊಟಿ ಕಡೆಯ ತಂಪು ಬೆಟ್ಟದಲ್ಲಿ ಬೆಳೆಯುವ ಮರ. ಮೂಗಿಗೆ ಹಿಡಿದರೆ ನೇರ ಹಣೆಗೆ ಏರುತ್ತದೆ. ಸಿನಿಯೋಲ್ ಇರುವುದು ಇದರಲ್ಲಿ. ಇನ್ನೊಂದು ಸಿಟ್ರಿಯೊಡೋರಾ, ನಿಂಬೆಯ ವಾಸನೆ ಬರುವ ನೀಲಗಿರಿ. ಅದರಲ್ಲಿ ಜಾಸ್ತಿ ಇರುವುದು ಸಿಟ್ರೊನೆಲ್ಲಾಲ್. ಸೊಳ್ಳೆಗೆ, ಸೋಪಿಗೆ ಅದು ಸರಿ, ಕಟ್ಟಿದ ಮೂಗಿಗೆ ಅದರಿಂದ ಹೆಚ್ಚು ಉಪಯೋಗ ಇಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಎರಡಕ್ಕೂ ‘ನೀಲಗಿರಿ ಎಣ್ಣೆ’ ಅಂತಲೇ ಕೊಡುತ್ತಾರೆ. ಬಾಟಲಿ ಮೇಲಿನ ಸಣ್ಣಕ್ಷರ ಓದಿ, ಆಗದಿದ್ದರೆ ಮುಚ್ಚಳ ತೆಗೆದು ಮೂಸಿ. ನಿಂಬೆ ಬಂತೋ, ಅದು ಬೇರೆ.

ಹಬೆ ತೆಗೆದುಕೊಳ್ಳುವಾಗ ಆಗುವ ತಪ್ಪನ್ನು ನಾನು ಕಣ್ಣಾರೆ ಅನುಭವಿಸಿದ್ದೇನೆ. ಒಲೆ ಮೇಲಿಂದ ಇಳಿಸಿದ ನೀರಿಗೆ ಅಳತೆಯಿಲ್ಲದೆ ಒಂದು ಮುಚ್ಚಳ ಸುರಿದು, ಟವೆಲು ಹೊದ್ದು ಬಗ್ಗಿದೆ. ಎರಡು ಉಸಿರು ಎಳೆಯುವಷ್ಟರಲ್ಲಿ ಕಣ್ಣು ಉರಿಯೆದ್ದು ಹದಿನೈದು ನಿಮಿಷ ತಣ್ಣೀರಿನಲ್ಲಿ ತೊಳೆಯುತ್ತಾ ಕೂತೆ. ಈಗ ಮಾಡುವ ರೀತಿ ಇಷ್ಟು: ಅಗಲ ಬಾಯಿಯ ಪಾತ್ರೆ ಮೇಜಿನ ಮೇಲೆ, ತೊಡೆ ಮೇಲೆ ಅಲ್ಲ. ಕುದಿ ನಿಂತು ಐದು ನಿಮಿಷ ಆದ ಮೇಲೆ ಎರಡು ಹನಿ. ಕಣ್ಣು ಮುಚ್ಚಿ ಐದು ನಿಮಿಷ. ಮಕ್ಕಳಿಗೆ ಬಿಸಿನೀರಿನ ಹಬೆಯೇ ಬೇಡ, ಪಾತ್ರೆ ಮಗುಚಿ ಸುಟ್ಟುಕೊಳ್ಳುವುದು ಎಷ್ಟೋ ಮನೆಯಲ್ಲಿ ಆಗಿದೆ.

ಅಮ್ಮನ ಮಂಡಿನೋವಿಗೂ ಇದನ್ನೇ ಬಳಸುತ್ತೇವೆ. ಎರಡು ಚಮಚ ಎಳ್ಳೆಣ್ಣೆಗೆ ನಾಲ್ಕು ಹನಿ, ಮೆಲ್ಲಗೆ ತಿಕ್ಕೋದು. ನೋವಿನ ಮೂಲ ಹಾಗೇ ಇರುತ್ತದೆ, ಆದರೆ ತಿಕ್ಕಿದ ಮೇಲೆ ಒಂದೆರಡು ತಾಸು ಆರಾಮ ಅಂತ ಅವರೇ ಹೇಳುತ್ತಾರೆ.

ಪುದೀನ: ತಂಪು ಅನಿಸುತ್ತದೆ, ತಂಪಾಗುವುದಿಲ್ಲ

ಏಪ್ರಿಲ್ ಬಿಸಿಲಿಗೆ ದಾವಣಗೆರೆಯಲ್ಲಿ ಪುದೀನ ಹಚ್ಚಿಕೊಂಡರೆ ಹಿತ ಅಂತ ಯಾರಿಗಾದರೂ ಅನಿಸುತ್ತದೆ. ನಿಜಕ್ಕೂ ತಣ್ಣಗೆ ಅನಿಸುತ್ತದೆ ಕೂಡ. ಕಾರಣ ಸ್ವಾರಸ್ಯವಾಗಿದೆ. ನಮ್ಮ ಚರ್ಮದ ನರಗಳಲ್ಲಿ ತಂಪನ್ನು ಗುರುತಿಸುವ ಒಂದು ಬಾಗಿಲು ಇದೆ. ಪುದೀನದ ಮೆಂಥಾಲ್ ಸುಮ್ನೆ ಹೋಗಿ ಆ ಬಾಗಿಲನ್ನೇ ತೆರೆಯುತ್ತದೆ. ಮೈ ಬಿಸಿ ಎಷ್ಟಿತ್ತೋ ಅಷ್ಟೇ ಇರುತ್ತದೆ, ಮೆದುಳಿಗೆ ಮಾತ್ರ ತಂಪು ಅಂತ ಸುದ್ದಿ ಹೋಗುತ್ತದೆ. ಮೆಣಸಿನಕಾಯಿ ಖಾರದ್ದೂ ಇದೇ ಕೆಲಸ, ಅದು ತೆರೆಯೋದು ಬಿಸಿಯ ಬಾಗಿಲನ್ನು. ಈ ಬಾಗಿಲುಗಳನ್ನು ಹುಡುಕಿದ್ದಕ್ಕೆ ಡೇವಿಡ್ ಜೂಲಿಯಸ್, ಆರ್ಡೆಮ್ ಪಟಪೂಟಿಯನ್ ಇಬ್ಬರಿಗೆ 2021ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಬಂತು. ಸಂಜೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಕಚ್ಚಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಮೂಗಿನ ಕತೆಯೂ ಹಾಗೆಯೇ. ಮೆಂಥಾಲ್ ಮೂಸಿದರೆ ಮೂಗು ಬಿಟ್ಟಂತೆ ಅನಿಸುತ್ತದೆ, ಒಳಗಿನ ಊತ ಇಳಿದಿರುವುದಿಲ್ಲ. ಬಿಸಿಲಲ್ಲಿ ಕೆಲಸ ಮಾಡುವವರು ಇದನ್ನು ನಂಬಿ ನೀರು ಕುಡಿಯೋದು ಬಿಡಬಾರದು.

ಹಾಗಾದರೆ ಇದು ಯಾತಕ್ಕೆ? ತಲೆನೋವಿಗೆ. ಒತ್ತಡದಿಂದ ಬರುವ, ಹಣೆಗೆ ಪಟ್ಟಿ ಕಟ್ಟಿದಂಥ ತಲೆನೋವಿಗೆ ಹಣೆಯ ಎರಡೂ ಬದಿ ಪುದೀನ ತೈಲದ ತಿಳಿ ದ್ರಾವಣ ಹಚ್ಚುವುದು ಜರ್ಮನಿಯಲ್ಲಿ ಒಪ್ಪಿತವಾದ ಪದ್ಧತಿ. ಮನೆಯಲ್ಲಾದರೆ ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಹಾಕಿ, ಕಣ್ಣಿಗೆ ತಾಗದಂತೆ ಹಚ್ಚಿ. ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿಗೂ ಇದು ಹಿತ. ಬೆಂಗಳೂರಿಗೆ ಹೋಗುವಾಗ ಟಿಶ್ಯೂ ಮೇಲೆ ಒಂದು ಹನಿ ಹಾಕಿ ಚೀಲದಲ್ಲಿ ಇಟ್ಟುಕೊಂಡರೆ ಚಿತ್ರದುರ್ಗ, ಹಿರಿಯೂರು ದಾಟುವವರೆಗೂ ಕೆಲಸ ಮಾಡುತ್ತದೆ.

ಇಲ್ಲೂ ಎರಡು ಬಗೆ. ಉತ್ತರಪ್ರದೇಶದಲ್ಲಿ ಎಕರೆಗಟ್ಟಲೆ ಬೆಳೆಯುವುದು ಮೆಂಥಾ ಆರ್ವೆನ್ಸಿಸ್, ನಮ್ಮ ದೇಶದ ಮೆಂಥಾಲ್ ಬರುವುದು ಅದರಿಂದ. ಅದರಲ್ಲಿ ಮೆಂಥಾಲ್ ನೂರಕ್ಕೆ 70ರ ಮೇಲೆ. ಪೆಪ್ಪರ್‌ಮಿಂಟ್, ಅಂದರೆ ಮೆಂಥಾ ಪೈಪರಿಟಾದಲ್ಲಿ 30ರಿಂದ 50ರ ಆಸುಪಾಸು. ಅಗ್ಗದ ಬಾಟಲಿ ಸಾಮಾನ್ಯವಾಗಿ ಮೊದಲನೆಯದು. ತಪ್ಪೇನಿಲ್ಲ, ಖಾರ ಜಾಸ್ತಿ, ಹನಿ ಕಡಿಮೆ ಹಾಕಿ. ರಾತ್ರಿ ಮಲಗುವ ಕೋಣೆಗೆ ಮಾತ್ರ ಪುದೀನ ತರಬೇಡಿ, ಇದು ಎಚ್ಚರಿಸುವ ವಾಸನೆ. ವಿದ್ಯಾನಗರದ ಪಿಜಿಗಳಲ್ಲಿ ಬೆಳಗಿನ ಜಾವ ಓದಲು ಕೂರುವ ಮಕ್ಕಳಿಗೆ ಒಗ್ಗುತ್ತದೆ.

ಲ್ಯಾವೆಂಡರ್: ದುಬಾರಿ, ಮೋಸವೂ ಜಾಸ್ತಿ

ನಾನು ಮೊದಲು ತಂದ ಲ್ಯಾವೆಂಡರ್ ಬಾಟಲಿಯನ್ನು ಇನ್ನೂ ನೆನಪಿಟ್ಟುಕೊಂಡಿದ್ದೇನೆ. ಒಂದು ಹನಿ ಅಂಗೈಗೆ ಬಿಟ್ಟರೆ ನೇರಳೆ ಬಣ್ಣ! ಹೂವು ನೇರಳೆ, ತೈಲವೂ ನೇರಳೆ, ಸರಿ ಅಂತ ಖುಷಿಪಟ್ಟೆ. ಆಮೇಲೆ ತಿಳಿಯಿತು. ಹಬೆಯಲ್ಲಿ ಇಳಿಸಿದ ಲ್ಯಾವೆಂಡರ್ ತೈಲಕ್ಕೆ ಬಣ್ಣ ಇರೋದಿಲ್ಲ, ಇದ್ದರೂ ತೆಳು ಹಳದಿ. ಹೂವಿನ ಬಣ್ಣ ಹಬೆಯ ಜೊತೆ ಏರಿ ಬರುವಂಥದ್ದೇ ಅಲ್ಲ. ನನಗೆ ಮಾರಿದ್ದು ಬಣ್ಣ ಹಾಕಿದ ಸೆಂಟು. ಒಂದು ಬಿಳಿ ಕಾಗದದ ಮೇಲೆ ಹನಿ ಬಿಟ್ಟೆ. ಮರುದಿನ ಬೆಳಿಗ್ಗೆ ನೋಡಿದರೆ ನಾಲ್ಕಾಣೆ ಅಗಲದ ಜಿಡ್ಡಿನ ಉಂಗುರ, ನಡುವೆ ನೇರಳೆ ಚುಕ್ಕೆ. ಪಕ್ಕದಲ್ಲೇ ಬಿಟ್ಟಿದ್ದ ನೀಲಗಿರಿ ಹನಿಯ ಗುರುತೂ ಇರಲಿಲ್ಲ.

ಈ ಕಾಗದದ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಜಿಡ್ಡು ಬೆರೆಸಿದ್ದರೆ ಗೊತ್ತಾಗುತ್ತದೆ. ಶ್ರೀಗಂಧ, ಲಾವಂಚದಂಥ ದಪ್ಪ ತೈಲಗಳು ಶುದ್ಧವಾಗಿದ್ದರೂ ಕಲೆ ಬಿಡುತ್ತವೆ, ಅವಕ್ಕೆ ಈ ಪರೀಕ್ಷೆ ಸಲ್ಲದು.

ಒಳ್ಳೆಯ ಲ್ಯಾವೆಂಡರ್ ಅಂದರೆ ಲವಂಡುಲಾ ಅಂಗುಸ್ಟಿಫೋಲಿಯಾ. ಇದರಲ್ಲಿ ಲಿನಲೂಲ್, ಲಿನಲೈಲ್ ಅಸಿಟೇಟ್ ಅನ್ನುವ ಎರಡು ಅಂಶ ಮುಖ್ಯ. ಮನಸ್ಸನ್ನು ಶಾಂತ ಮಾಡುವ ಗುಣ ಇವುಗಳದ್ದು. ಲ್ಯಾವೆಂಡಿನ್ ಅಂತ ಇದರದೇ ಒಂದು ಮಿಶ್ರತಳಿ ಇದೆ. ಇಳುವರಿ ಜಾಸ್ತಿ, ಬೆಲೆ ಕಡಿಮೆ, ಕರ್ಪೂರದ ಘಾಟು ಇರುತ್ತದೆ. ಸೋಪಿಗೆ ಅದು ಸಾಕು, ನಿದ್ದೆಗೆ ಕೊಳ್ಳುವವರು ಅದನ್ನು ಬಿಡಿ. ಮೊದಲು ಲ್ಯಾವೆಂಡರ್ ಅಂದರೆ ಫ್ರಾನ್ಸು, ಬಲ್ಗೇರಿಯ ಅಂತಿದ್ದೆವು. ಈಗ ಜಮ್ಮುವಿನ ದೋಡಾ ಜಿಲ್ಲೆಯ ಭದೇರ್ವಾದಲ್ಲಿ ರೈತರು ಮೆಕ್ಕೆಜೋಳ ಬಿಟ್ಟು ಇದನ್ನು ಬೆಳೆಯುತ್ತಿದ್ದಾರೆ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ಅರೋಮಾ ಮಿಷನ್ ಅವರಿಗೆ ಸಸಿ, ಭಟ್ಟಿ ಎರಡನ್ನೂ ಕೊಟ್ಟಿತು. ಮೆಕ್ಕೆಜೋಳದ ಸೀಮೆಯವರಾದ ನಮಗೆ ಆ ಸುದ್ದಿ ಓದಿದರೆ ಆಸೆ ಆಗುತ್ತದೆ. ಆದರೆ ಲ್ಯಾವೆಂಡರ್‌ಗೆ ಚಳಿ ಬೇಕು, ನಮ್ಮ ಹೊಲಕ್ಕೆ ಅದು ಒಗ್ಗದು.

ಬಳಸುವುದು ಸುಲಭ. ಮಲಗುವ ಅರ್ಧ ಗಂಟೆ ಮುಂಚೆ ಎರಡು ಹನಿ. ನನ್ನ ಹತ್ತಿರ ಒಂದು ಡಿಫ್ಯೂಸರ್ ಇತ್ತು. ಬೋರ್‌ವೆಲ್ ನೀರು ಹಾಕಿದ್ದಕ್ಕೆ ಮೇಜಿನ ಮೇಲೆಲ್ಲಾ ಬಿಳಿ ಪುಡಿ ಕೂತಿತು, ಗಡಸು ನೀರಿನ ಸುಣ್ಣ ಅದು. ಆರ್‌ಒ ನೀರನ್ನೇ ಹಾಕಬೇಕು. ಈಗ ಅದೂ ಬೇಡ ಅನಿಸಿ, ದೀಪಾವಳಿಗೆ ತಂದ ಮಣ್ಣಿನ ಹಣತೆ ಬಳಸುತ್ತೇನೆ. ಒಣ ಹಣತೆಗೆ ಎರಡು ಹನಿ ಬಿಟ್ಟರೆ ಮಣ್ಣು ಕುಡಿದುಕೊಳ್ಳುತ್ತದೆ, ರಾತ್ರಿಯಿಡೀ ನಿಧಾನಕ್ಕೆ ಬಿಡುತ್ತದೆ. ಕರೆಂಟು ಹೋದರೂ ಚಿಂತೆಯಿಲ್ಲ. ಹಣತೆಯನ್ನು ಹಚ್ಚಬೇಡಿ ಮತ್ತೆ, ಈ ತೈಲಕ್ಕೆ ಬೆಂಕಿ ಬೇಗ ಹತ್ತುತ್ತದೆ.

ನಿಂಬೆಹುಲ್ಲು ಮತ್ತು ಸೊಳ್ಳೆ

ಕೆಲವರು ಮಜ್ಜಿಗೆ ಹುಲ್ಲು ಅಂತಲೂ ಅನ್ನುತ್ತಾರೆ. ಇದರಲ್ಲಿ ಸಿಟ್ರಾಲ್ ನೂರಕ್ಕೆ 70ರಿಂದ 85. ವಾಸನೆ ಚುರುಕು, ಬೆಲೆ ಅಗ್ಗ. ನೆಲ ಒರೆಸುವ ಬಕೆಟ್ಟಿಗೆ ಸ್ವಲ್ಪ ಸೋಪಿನ ಪುಡಿ ಜೊತೆ ಎಂಟು ಹತ್ತು ಹನಿ ಹಾಕಿದರೆ ಮನೆ ತೊಳೆದಂತೆ ಆಗುತ್ತದೆ. ಸೋಪು ಬೇಕೇ ಬೇಕು, ತೈಲ ನೀರಿಗೆ ಬೆರೆಯದು. ಚರ್ಮಕ್ಕೆ ಮಾತ್ರ ಇದು ಕಟು. ಹಾಗೇ ಹಚ್ಚಿದರೆ ಕೆಂಪಗೆ ದದ್ದು ಏಳುತ್ತದೆ. ನಿಂಬೆಹಣ್ಣಿನ ಸಿಪ್ಪೆಯ ತೈಲ ಇದಲ್ಲ, ಅದು ಬೇರೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ, ನಮ್ಮ ಬಿಸಿಲಿಗಂತೂ ಬೇಡವೇ ಬೇಡ.

ಸೊಳ್ಳೆಗೆ ಇದು ಆಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ನಿಂಬೆಹುಲ್ಲು, ಅದರ ದಾಯಾದಿ ಸಿಟ್ರೊನೆಲ್ಲಾ ಎರಡೂ ಸೊಳ್ಳೆಯನ್ನು ಸ್ವಲ್ಪ ಹೊತ್ತು ದೂರ ಇಡುತ್ತವೆ. ಸ್ವಲ್ಪ ಹೊತ್ತು ಅಂದರೆ ಒಂದು ಗಂಟೆಯ ಒಳಗೆ. ತೈಲ ಆರಿತೋ, ಸೊಳ್ಳೆ ಬಂತು. ಸಂಜೆ ಜಗಲಿಯಲ್ಲಿ ಕೂರುವಷ್ಟು ಹೊತ್ತಿಗೆ ಸರಿ. ಡೆಂಗಿ ಸೊಳ್ಳೆ ಕಚ್ಚೋದು ಹಗಲಲ್ಲಿ, ಹುಟ್ಟೋದು ನಾವು ನಲ್ಲಿ ನೀರು ತುಂಬಿಸಿಟ್ಟ ಡ್ರಮ್ಮಿನಲ್ಲಿ. ಡ್ರಮ್ಮು ಮುಚ್ಚಿ, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ, ಪರದೆ ಕಟ್ಟಿ. ತೈಲವನ್ನು ನಂಬಿ ಇವನ್ನು ಬಿಡಬೇಡಿ.

ದವನದ ಮಾತು

ದವನದ ತೈಲವನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ, ಆದರೂ ಹೇಳದೆ ಹೋಗಲು ಮನಸ್ಸು ಬರುವುದಿಲ್ಲ. ಹೂವಿನ ಮಾರ್ಕೆಟ್ಟಿನಲ್ಲಿ ಮಲ್ಲಿಗೆಯ ನಡುವೆ ಬೂದು ಹಸಿರಿನ ಎಳೆ ಕಟ್ಟಿರುತ್ತಾರಲ್ಲ, ಅದೇ ದವನ. ಇದರ ತೈಲವನ್ನು ಜಗತ್ತಿಗೆ ಕೊಡುತ್ತಿರುವುದು ಹೆಚ್ಚಾಗಿ ದಕ್ಷಿಣ ಭಾರತ, ಅದರಲ್ಲೂ ಕರ್ನಾಟಕ. ದವನೋನ್ ಅನ್ನುವ ಅಂಶಕ್ಕೆ ಹೆಸರೂ ನಮ್ಮ ದವನದಿಂದಲೇ ಬಂದಿದೆ. ದಪ್ಪ, ಕಂದು ಬಣ್ಣ, ಹಣ್ಣಿನಂಥ ಸಿಹಿ ವಾಸನೆ. ಹೋಗುವುದು ಸುಗಂಧ ದ್ರವ್ಯದ ಕಂಪನಿಗಳಿಗೆ, ಬೆಲೆಯೂ ಹಾಗೇ ಇದೆ. ನನ್ನ ಮಾತು ಕೇಳುವುದಾದರೆ ತೈಲ ಬಿಡಿ. ದವನದ ಹುಣ್ಣಿಮೆಯ ಹೊತ್ತಿಗೆ ಒಂದು ಕಟ್ಟು ತಂದು ನೀರಿನ ಲೋಟದಲ್ಲಿ ಇಡಿ, ನಾಲ್ಕು ದಿನ ಕೋಣೆಯಲ್ಲಿ ಇರುತ್ತದೆ.

ಕೊಳ್ಳುವ ಹೊತ್ತಿಗೆ

ಬಾಟಲಿ ಕಂದು ಅಥವಾ ನೀಲಿ ಗಾಜಿನದ್ದಿರಲಿ. ಲೇಬಲ್ ಮೇಲೆ ಗಿಡದ ಪೂರ್ತಿ ಹೆಸರು, ತಯಾರಾದ ತಿಂಗಳು ಇರಬೇಕು. ‘ಫ್ರಾಗ್ರೆನ್ಸ್ ಆಯಿಲ್’, ‘ಡಿಫ್ಯೂಸರ್ ಆಯಿಲ್’ ಅಂತ ಮಾತ್ರ ಇದ್ದರೆ ಅದು ಸೆಂಟು, ಚರ್ಮಕ್ಕೆ ತಾಗಿಸಬೇಡಿ. ಹತ್ತು ಬಗೆಯ ತೈಲ ಒಂದೇ ಬೆಲೆಗೆ ಮಾರುತ್ತಿದ್ದರೆ ಆ ಅಂಗಡಿಯನ್ನೇ ದಾಟಿ ಮುಂದೆ ಹೋಗಿ. ನೀಲಗಿರಿಗೂ ಲ್ಯಾವೆಂಡರ್‌ಗೂ ಒಂದೇ ಬೆಲೆ ಆಗಲು ಸಾಧ್ಯವೇ ಇಲ್ಲ, ಅಲ್ವಾ? ಶ್ರೀಗಂಧದ ತೈಲ ಅಗ್ಗಕ್ಕೆ ಸಿಕ್ಕಿತು ಅಂದರೆ ಅದು ಶ್ರೀಗಂಧ ಅಲ್ಲ.

ಅಳತೆ ನೆನಪಿಡಲು ಸುಲಭದ ಲೆಕ್ಕ ಒಂದಿದೆ. ಒಂದು ಎಂ.ಎಲ್.ಗೆ ಸುಮಾರು 20 ಹನಿ, ಒಂದು ಟೀ ಚಮಚ 5 ಎಂ.ಎಲ್. ಹಾಗಾಗಿ ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಹನಿ ಅಂದರೆ ನೂರಕ್ಕೆ ಒಂದು. ಮುಖಕ್ಕೆ, ವಯಸ್ಸಾದವರ ಚರ್ಮಕ್ಕೆ ಇದು ಸಾಕು. ಕೈಕಾಲಿಗೆ ಎರಡು ಹನಿ. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾಯಿರಿ.

ಇನ್ನು ನಿಮ್ಮ ಮನೆಗೆ ಯಾವುದು? ಧೂಳಿಗೆ ಮೂಗು ಕಟ್ಟುವ ದೊಡ್ಡವರಿದ್ದು, ಎಳೆ ಮಕ್ಕಳು ಇಲ್ಲದಿದ್ದರೆ ನೀಲಗಿರಿ ಒಂದೇ ಸಾಕು. ಕಡಿಮೆ ದುಡ್ಡಿಗೆ ಇಷ್ಟು ಕೆಲಸಕ್ಕೆ ಬರುವುದು ಬೇರೆ ಇಲ್ಲ. ತಲೆನೋವು, ಪ್ರಯಾಣ ಜಾಸ್ತಿ ಇದ್ದವರಿಗೆ ಪುದೀನ. ನಿದ್ದೆ ಬಾರದವರು ಕಾಸು ಕೂಡಿಸಿ ಒಳ್ಳೆಯ ಲ್ಯಾವೆಂಡರನ್ನೇ ತನ್ನಿ, ಅಗ್ಗದ್ದು ತಂದರೆ ಏನೂ ಸಿಗೋದಿಲ್ಲ. ಮನೆ ವಾಸನೆಗೆ ಮಾತ್ರ ಅಂದರೆ ನಿಂಬೆಹುಲ್ಲು. ಹೊಸ ಮಗು ಇದ್ದ ಮನೆಗೆ ಮೂರು ವರ್ಷ ಯಾವುದೂ ಬೇಡ. ನಮ್ಮಲ್ಲಿ ಉಳಿದಿರುವುದು ಅಮ್ಮನ ನೀಲಗಿರಿ, ನನ್ನ ಲ್ಯಾವೆಂಡರ್. ತಂಗಿ ಮಗನ ಜೊತೆ ಬಂದ ದಿನ ನೀಲಗಿರಿ ಬಾಟಲಿ ಅಟ್ಟಕ್ಕೆ ಏರುತ್ತದೆ.

ನಮ್ಮ ಬೇಸಿಗೆಗೆ ಇವನ್ನು ಕಿಟಕಿ ಮೇಲೆ, ಕಾರಿನಲ್ಲಿ ಇಟ್ಟರೆ ಬೇಗ ಕೆಡುತ್ತವೆ. ಗಾಳಿ ತಾಗಿ ಹಳತಾದ ಲ್ಯಾವೆಂಡರ್ ಚರ್ಮಕ್ಕೆ ಅಲರ್ಜಿ ಮಾಡುತ್ತದೆ. ಫ್ರಿಜ್ಜಿನ ಬಾಗಿಲಲ್ಲಿ, ಒಂದು ಡಬ್ಬಿಯೊಳಗೆ ಮುಚ್ಚಿ ಇಡಿ. ಮುಚ್ಚಳ ತೆರೆದ ದಿನ ಬಾಟಲಿಗೆ ಚೀಟಿ ಅಂಟಿಸಿ. ನನ್ನದರ ಮೇಲೆ ಕಳೆದ ಯುಗಾದಿಯ ತಾರೀಕಿದೆ. ಬರುವ ಯುಗಾದಿಗೆ ಉಳಿದಷ್ಟು ನೆಲ ಒರೆಸುವ ಬಕೆಟ್ಟಿಗೆ ಹೋಗುತ್ತದೆ.